ಮೀಟರಿಗೆ ಅರ್ಧ ಮಿಲಿಮೀಟರ್

ಬ್ಯಾಂಡ್‌ಸಾ ಓರೆ ಕೊಯ್ಯಲು ಶುರುವಾದ ಕೂಡಲೇ ವರ್ಕ್‌ಶಾಪಿನಲ್ಲಿ ಕೇಳಿಬರುವ ಮೊದಲ ಮಾತು, “ಲೋ, ಆ ಗೈಡ್ ಸ್ವಲ್ಪ ಟೈಟ್ ಮಾಡೋ.” ಹುಡುಗ ಅಲೆನ್ ಕೀ ತಂದು ತಿರುಗಿಸುತ್ತಾನೆ. ಗೈಡಿನ ಬೇರಿಂಗುಗಳು ಎರಡೂ ಕಡೆಯಿಂದ ಬ್ಲೇಡಿಗೆ ಒತ್ತಿಕೊಳ್ಳುತ್ತವೆ. ಹತ್ತು ನಿಮಿಷ ಎಲ್ಲ ಸರಿಯಾದಂತೆಯೇ ಕಾಣುತ್ತದೆ. ಆಮೇಲೆ ಉಜ್ಜಿ ಉಜ್ಜಿ ಬಿಸಿಯಾದ ಬ್ಲೇಡು ಮೊದಲಿಗಿಂತ ಹೆಚ್ಚು ಓರೆ ಹೋಗುತ್ತದೆ. ಮತ್ತೆ ಅಲೆನ್ ಕೀ, ಮತ್ತೆ ಬಿಗಿ. ಸಂಜೆಯ ಹೊತ್ತಿಗೆ ಬ್ಲೇಡು ತುಂಡಾಗುತ್ತದೆ. ಬೈಗುಳ ತಿನ್ನುವುದು ಬ್ಲೇಡು ಮಾರಿದ ಅಂಗಡಿಯವನು.

ಗೈಡು ಈ ಯಂತ್ರದಲ್ಲಿ ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕಾದ ಭಾಗ. ಬ್ಯಾಂಡ್‌ಸಾದ ಕಾಯಿಲೆಗಳಲ್ಲಿ ಬಹುಪಾಲು ಹುಟ್ಟುವುದು ಬ್ಲೇಡಿನಲ್ಲಿ, ಅಥವಾ ಬ್ಲೇಡು ಚಕ್ರದ ಮೇಲೆ ಕೂತ ರೀತಿಯಲ್ಲಿ. ಆದರೆ ಕೈಗೆ ಸುಲಭವಾಗಿ ಸಿಗುವುದು ಗೈಡಿನ ಸ್ಕ್ರೂ. ಸಿಕ್ಕಿದ್ದನ್ನು ತಿರುಗಿಸುವುದು ನಮ್ಮ ರಿಪೇರಿಯ ಹಳೇ ಚಾಳಿ.

ಯಂತ್ರವೇನೋ ಸರಳ. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಬಳಸಿ ಓಡುವ ಹಲ್ಲಿರುವ ಉಕ್ಕಿನ ಪಟ್ಟಿ, ನಡುವೆ ಮರ ಇಡುವ ಮೇಜು. ಕೆಳಗಿನ ಚಕ್ರವನ್ನು ಮೋಟಾರು ತಿರುಗಿಸುತ್ತದೆ. ಮೇಲಿನ ಚಕ್ರ ಪಟ್ಟಿಯನ್ನು ಎಳೆದು ಹಿಡಿದು, ಅದು ದಾರಿ ತಪ್ಪದಂತೆ ಕಾಯುತ್ತದೆ. ಮಲೆನಾಡಿನ ಸಾಮಿಲ್ಲಿನಲ್ಲಿ ತೇಗದ ದಿಮ್ಮಿ ಸೀಳುವುದು ಇದೇ ಯಂತ್ರ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಕುರ್ಚಿಯ ಬಾಗಿದ ಕಾಲು ಕೊರೆಯುವುದೂ ಇದೇ, ಗಾತ್ರ ಮಾತ್ರ ಬೇರೆ. ವೃತ್ತಾಕಾರದ ಗರಗಸಕ್ಕಿಂತ ತೆಳ್ಳಗೆ ಕೊಯ್ಯುವುದರಿಂದ ಹೊಟ್ಟಾಗಿ ಹೋಗುವ ಮರ ಕಡಿಮೆ. ನಾಟಾದ ಬೆಲೆ ಗೊತ್ತಿದ್ದವರಿಗೆ ಇದರ ಲಾಭ ವಿವರಿಸಬೇಕಿಲ್ಲ.

ತೆಳ್ಳಗಿರುವುದೇ ಅದರ ಕಷ್ಟವೂ ಹೌದು. ಅರ್ಧ ಮಿಲಿಮೀಟರ್ ದಪ್ಪದ ಪಟ್ಟಿ ತಾನಾಗಿ ನೆಟ್ಟಗೆ ನಿಲ್ಲದು. ಎಳೆದು ಹಿಡಿದಾಗ ಮಾತ್ರ ನಿಲ್ಲುತ್ತದೆ. ಸಾಮಾನ್ಯ ಕಾರ್ಬನ್ ಸ್ಟೀಲ್ ಬ್ಲೇಡಿಗೆ ಬೇಕಾದ ಎಳೆತ ಚದರ ಮಿಲಿಮೀಟರಿಗೆ ಸುಮಾರು 10ರಿಂದ 14 ಕಿಲೋ. 12 ಮಿ.ಮೀ. ಅಗಲ, ಅರ್ಧ ಮಿ.ಮೀ. ದಪ್ಪದ ಬ್ಲೇಡನ್ನೇ ತೆಗೆದುಕೊಳ್ಳಿ. ಕಡಿಮೆ ಎಂದರೂ ಒಂದೊಂದು ಬದಿಗೆ 60 ಕಿಲೋ, ಎರಡೂ ಬದಿ ಸೇರಿ ಮೇಲಿನ ಚಕ್ರದ ಮೇಲೆ 120 ಕಿಲೋಗಿಂತ ಹೆಚ್ಚಿನ ಎಳೆತ ಬೀಳುತ್ತದೆ. ಇಷ್ಟು ಎಳೆದಾಗ ಉಕ್ಕು ಎಷ್ಟು ಉದ್ದವಾಗುತ್ತದೆ? ಒಂದು ಮೀಟರಿಗೆ ಅರ್ಧ ಮಿಲಿಮೀಟರ್. ಇಡೀ ಯಂತ್ರದ ಶಿಸ್ತು ನಿಂತಿರುವುದು ಈ ಅರ್ಧ ಮಿಲಿಮೀಟರಿನ ಮೇಲೆ.

ಈಗ ಬಿಸಿಯ ಲೆಕ್ಕ ನೋಡೋಣ. ಉಕ್ಕು 40 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಮೀಟರಿಗೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಹಿಗ್ಗುತ್ತದೆ. ಎರಡೂ ಲೆಕ್ಕ ಒಂದೇ ಕಡೆ ಬಂದು ನಿಂತವು. ಸ್ಕ್ರೂ ತಿರುಗಿಸಿ ಕೊಟ್ಟ ಬಿಗಿಯನ್ನೆಲ್ಲ ಬಿಸಿ ನುಂಗಿಹಾಕಬಲ್ಲದು. ಬ್ಲೇಡು ಪೂರ್ತಿ ಒಂದೇ ಸಮನೆ ಬಿಸಿಯಾದರೆ ಮೇಲಿನ ಚಕ್ರದ ಸ್ಪ್ರಿಂಗು ಆ ಸಡಿಲವನ್ನು ಎಳೆದುಕೊಳ್ಳುತ್ತದೆ. ಸ್ಪ್ರಿಂಗು ಇರುವುದೇ ಅದಕ್ಕೆ. ತೊಂದರೆ ಬರುವುದು ಒಂದೇ ಅಂಚು ಬಿಸಿಯಾದಾಗ. ಹಲ್ಲು ಮೊಂಡಾದರೆ ಅದು ಮರವನ್ನು ಕಡಿಯುವುದಿಲ್ಲ, ಉಜ್ಜುತ್ತದೆ. ಹಲ್ಲಿನ ಅಂಚು ಕಾಯುತ್ತದೆ, ಹಿಗ್ಗುತ್ತದೆ, ಸಡಿಲಾಗುತ್ತದೆ; ಹಿಂದಿನ ಅಂಚು ಮಾತ್ರ ಬಿಗಿಯಾಗಿಯೇ ಇರುತ್ತದೆ. ಮುಂದೆ ನಿಂತು ದಾರಿ ತೋರಬೇಕಾದ ಅಂಚೇ ತೂಕಡಿಸಿದರೆ ಬ್ಲೇಡು ಮರದ ಎಳೆ ಎತ್ತ ಕರೆದರೆ ಅತ್ತ ಹೋಗುತ್ತದೆ. ಆ ಹೊತ್ತಿನಲ್ಲಿ ಗೈಡನ್ನು ಬ್ಲೇಡಿಗೆ ಒತ್ತುವುದೆಂದರೆ ಕಾದ ಜಾಗಕ್ಕೆ ಇನ್ನಷ್ಟು ಬಿಸಿ ಕೊಟ್ಟಂತೆ.

ಆದ್ದರಿಂದ ಓರೆ ಎಂದ ಕೂಡಲೇ ಪ್ಲಗ್ ಕಿತ್ತು, ಚಕ್ರ ಪೂರ್ತಿ ನಿಂತ ಮೇಲೆ, ಮೊದಲು ಹಲ್ಲು ನೋಡಬೇಕು. ಭೂತಗನ್ನಡಿ ಇದ್ದರೆ ಒಳ್ಳೆಯದು. ಹರಿತವಾದ ಹಲ್ಲಿನ ತುದಿ ಬೆಳಕಿಗೆ ಹೊಳೆಯುವುದಿಲ್ಲ. ಮೊಂಡಾದ ತುದಿ ಬಿಳಿ ಗೆರೆಯಾಗಿ ಮಿನುಗುತ್ತದೆ. ಹೊಟ್ಟೂ ಸುಳಿವು ಕೊಡುತ್ತದೆ. ಚೂಪು ಹಲ್ಲಿನಿಂದ ಬೆರಳಿಗೆ ಸಿಗುವಂಥ ತರಿ ಉದುರಿದರೆ, ಮೊಂಡು ಹಲ್ಲಿನಿಂದ ಬರುವುದು ಮೈದಾ ಹಿಟ್ಟಿನಂಥ ಪುಡಿ, ಜೊತೆಗೆ ಸುಟ್ಟ ವಾಸನೆ. ಮರವನ್ನು ಎದೆ ಕೊಟ್ಟು ತಳ್ಳಬೇಕಾಗಿ ಬಂದಿದ್ದರೆ ಇಷ್ಟನ್ನೂ ನೋಡುವ ಅಗತ್ಯವಿಲ್ಲ, ಬ್ಲೇಡು ಇಳಿಸಿ.

ಯಾವ ಮರ ಎಷ್ಟು ಬೇಗ ಹಲ್ಲು ತಿನ್ನುತ್ತದೆ ಎಂಬುದು ಗಟ್ಟಿತನದಿಂದಷ್ಟೇ ತೀರ್ಮಾನವಾಗುವುದಿಲ್ಲ. ತೇಗ ಅಂಥ ಗಟ್ಟಿ ಮರವೇನಲ್ಲ, ಕೈಗರಗಸಕ್ಕೂ ಬಗ್ಗುತ್ತದೆ. ಆದರೆ ಅದರ ಒಡಲಲ್ಲಿ ಸಿಲಿಕಾ ಇದೆ. ಮರಳಿನಲ್ಲಿರುವುದೂ ಅದೇ ವಸ್ತು. ಹಾಗಾಗಿ ತೇಗ ಕೊಯ್ಯುವ ಬ್ಲೇಡಿಗೆ ಸಾಣೆ ಬೇಗ ಬೇಕಾಗುತ್ತದೆ. ಹಳೆಯ ತೆಂಗಿನ ಮರದ ಹೊರಭಾಗವೂ ಹಲ್ಲಿಗೆ ವೈರಿ. ಪ್ಲೈವುಡ್ಡಿನಲ್ಲಿ ಮರಕ್ಕಿಂತ ಅಂಟಿನ ಪದರವೇ ಹೆಚ್ಚು ಸವೆಸುತ್ತದೆ. ಹಸಿ ಹಲಸಿನದು ಇನ್ನೊಂದು ಬಗೆ. ಅದರ ಅಂಟು ಹಲ್ಲಿನ ಕುಳಿಯಲ್ಲಿ, ಬ್ಲೇಡಿನ ಮೈಮೇಲೆ, ಕೊನೆಗೆ ಚಕ್ರದ ರಬ್ಬರಿನ ಮೇಲೂ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಅಂಟು ಕಟ್ಟಿದ ಹಲ್ಲು ಚೂಪಾಗಿದ್ದರೂ ಮೊಂಡು ಹಲ್ಲಿನಂತೆಯೇ ವರ್ತಿಸುತ್ತದೆ. ಎಷ್ಟೋ ಬ್ಲೇಡುಗಳು ಸಾಣೆಗೆ ಹೋಗುವುದು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ್ದರೆ ಸಾಕಾಗುತ್ತಿದ್ದ ಕಾರಣಕ್ಕೆ. ಸಾಮಿಲ್ಲುಗಳಲ್ಲಿ ಬ್ಲೇಡಿಗೆ ಹನಿಹನಿಯಾಗಿ ಡೀಸೆಲ್ ಬೀಳುವಂತೆ ಡಬ್ಬಿ ಕಟ್ಟಿರುವುದು ಸುಮ್ಮನೆ ಅಲ್ಲ.

ಸಾಲುಮರವನ್ನೋ ಮನೆಯಂಗಳದ ಮರವನ್ನೋ ಕೊಯ್ಯುವಾಗ ಇನ್ನೊಂದು ಭಯವಿದೆ. ಬೋರ್ಡು ತೂಗುಹಾಕಲು ಹೊಡೆದ ಮೊಳೆ, ಬಟ್ಟೆ ಒಣಹಾಕಲು ಸುತ್ತಿದ ತಂತಿ, ಬೇಲಿಯ ಕೊಕ್ಕೆ, ಎಲ್ಲವನ್ನೂ ಮರ ವರ್ಷಾನುಗಟ್ಟಲೆ ನುಂಗಿ ಮೇಲೆ ಸಿಪ್ಪೆ ಬೆಳೆಸಿಕೊಂಡಿರುತ್ತದೆ. ಹೊರಗೆ ಏನೂ ಕಾಣದು. ಕೊಯ್ದ ಮುಖದಲ್ಲಿ ನೀಲಿಗಪ್ಪು ಕಲೆ ಕಂಡರೆ ಅಲ್ಲೇ ನಿಲ್ಲಿಸಬೇಕು. ಕಬ್ಬಿಣ ಕರಗಿ ಮರಕ್ಕೆ ಬಣ್ಣ ಹಚ್ಚಿದ ಗುರುತು ಅದು. ಹಳೇ ಮನೆಯ ತೊಲೆ ಮರುಬಳಕೆ ಮಾಡುವವರು ಮೆಟಲ್ ಡಿಟೆಕ್ಟರ್ ಇಟ್ಟುಕೊಳ್ಳುವುದು ಶೋಕಿ ಅಲ್ಲ, ಒಂದು ಬ್ಲೇಡು ಉಳಿದರೆ ಅದರ ದುಡ್ಡು ಬಂದಂತೆಯೇ.

ಹಲ್ಲಿನ ಎಣಿಕೆಯದು ಇನ್ನೊಂದು ಗೊಂದಲ. ಹಲ್ಲು ಸಣ್ಣದಿದ್ದಷ್ಟೂ ಕೊಯ್ತ ನಯ ಎಂದು ನಂಬಿ, ಆರಿಂಚು ದಪ್ಪದ ಮರ ಸೀಳಲು ಇಂಚಿಗೆ ಹತ್ತು ಹಲ್ಲಿನ ಬ್ಲೇಡು ಹಾಕುವವರಿದ್ದಾರೆ. ಆಗ ಮರದೊಳಗೆ ಒಂದೇ ಸಲಕ್ಕೆ ಅರವತ್ತು ಹಲ್ಲು. ಪ್ರತಿ ಹಲ್ಲಿನ ಮುಂದಿರುವ ಕುಳಿಯೇ ಹೊಟ್ಟನ್ನು ಹೊತ್ತು ಹೊರಹಾಕಬೇಕಾದ ಪುಟ್ಟಿ. ಆರಿಂಚು ದಾಟುವುದರೊಳಗೆ ಅದು ತುಂಬಿ, ಹಲ್ಲು ಮರ ಬಿಟ್ಟು ಹೊಟ್ಟಿನ ಮೇಲೆ ತೇಲುತ್ತದೆ. ಬ್ಲೇಡಿನ ನಡು ಬಿಲ್ಲಿನಂತೆ ಬಾಗಿ, ಮೇಲೆ ಕೆಳಗೆ ಸರಿಯಿದ್ದು ಮಧ್ಯದಲ್ಲಿ ಹೊಟ್ಟೆ ಬಂದ ಹಲಗೆ ಸಿಗುತ್ತದೆ. ದಪ್ಪ ಮರ ಸೀಳಲು ಇಂಚಿಗೆ ಮೂರು ಹಲ್ಲು ಸಾಕು. ತೆಳು ಹಲಗೆಗೆ ಹೆಚ್ಚು ಬೇಕು. ಎಂಥ ಹೊತ್ತಿನಲ್ಲೂ ಮರದೊಳಗೆ ಮೂರು ಹಲ್ಲಿಗೆ ಕಡಿಮೆ ಇರಬಾರದು, ಇದ್ದರೆ ಹಲ್ಲು ಸಿಕ್ಕಿಕೊಂಡು ಕಿತ್ತುಹೋಗುತ್ತದೆ.

ಹಲ್ಲು ಚೂಪಾಗಿದೆ, ಅಂಟಿಲ್ಲ, ಎಣಿಕೆಯೂ ಸರಿ; ಆದರೂ ಬ್ಲೇಡು ಯಾವಾಗಲೂ ಒಂದೇ ಕಡೆಗೆ ಎಳೆಯುತ್ತದೆ ಎಂದರೆ ಹಲ್ಲಿನ ಸೆಟ್ ನೋಡಬೇಕು. ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿಸಿರುತ್ತಾರೆ, ಕೊಯ್ದ ಸಂದು ಬ್ಲೇಡಿನ ಮೈಗಿಂತ ಅಗಲವಾಗಿರಲಿ ಎಂದು. ಕೈಯಿಂದ ಸೆಟ್ ಮಾಡಿದ ಬ್ಲೇಡಿನಲ್ಲಿ ಬಲಗಡೆಯ ಹಲ್ಲು ಕೂದಲೆಳೆ ಹೆಚ್ಚು ಬಾಗಿದ್ದರೆ, ಅಥವಾ ಮೊಳೆಗೆ ತಾಗಿ ಎಡಗಡೆಯ ಹಲ್ಲು ಮೊಂಡಾಗಿದ್ದರೆ ಬ್ಲೇಡು ಬಲಕ್ಕೇ ಹೋಗುತ್ತದೆ. ಪರೀಕ್ಷೆ ಸುಲಭ. ಹಲಗೆಯ ಮೇಲೆ ಅಂಚಿಗೆ ಸಮನಾಗಿ ಪೆನ್ಸಿಲ್ ಗೆರೆ ಎಳೆದು, ಫೆನ್ಸ್ (ಹಲಗೆಯನ್ನು ಒರಗಿಸಿ ತಳ್ಳುವ ನೇರ ಪಟ್ಟಿ) ಇಲ್ಲದೆ ಬರಿಗೈಯಲ್ಲಿ ಆ ಗೆರೆ ಹಿಡಿದು ಅರ್ಧದವರೆಗೆ ಕೊಯ್ಯಿರಿ. ಹಲಗೆ ಓರೆಯಾಗಿ ನಿಂತರೆ ಆ ಓರೆಯೇ ಬ್ಲೇಡಿನ ಎಳೆತ. ಫೆನ್ಸನ್ನು ಅದೇ ಓರೆಗೆ ತಿರುಗಿಸಿ ಕೆಲಸ ಮುಂದುವರಿಸಿ ಎಂದು ಹೇಳಿಕೊಡುವವರಿದ್ದಾರೆ. ತುರ್ತಿಗೆ ಸರಿ. ಆದರೆ ಮುಂದಿನ ಬ್ಲೇಡಿನ ಓರೆ ಬೇರೆಯೇ ಇರುತ್ತದೆ, ದಿನಕ್ಕೊಮ್ಮೆ ಫೆನ್ಸ್ ತಿರುಗಿಸುತ್ತ ಕೂರುವುದು ನನಗೆ ಒಪ್ಪಿಗೆಯಾಗದ ದಾರಿ. ಬ್ಲೇಡು ಯಾವ ಕಡೆ ಎಳೆಯುತ್ತದೋ ಆ ಕಡೆಯ ಹಲ್ಲಿಗೆ, ಯಂತ್ರ ಓಡುತ್ತಿರುವಾಗ ಮೇಜಿನ ಮೇಲಿಟ್ಟ ಎಣ್ಣೆಕಲ್ಲನ್ನು ಒಂದು ಕ್ಷಣ ಹಗುರವಾಗಿ ತಾಗಿಸಿದರೆ ಹೆಚ್ಚಿದ್ದ ಸೆಟ್ ತಗ್ಗುತ್ತದೆ. ಅನುಭವಿಗಳು ಮಾಡುವ ಕೆಲಸ ಇದು. ಹೊಸಬರು ಬ್ಲೇಡನ್ನು ಸಾಣೆಯವನಿಗೆ ಕೊಡುವುದು ಲೇಸು.

ಸಾಣೆಯವನಿಗೂ ಒಂದು ಮಾತು ಹೇಳಬೇಕು. ಗ್ರೈಂಡಿಂಗ್ ಚಕ್ರವನ್ನು ಒತ್ತಿ ಹಿಡಿದು ಹಲ್ಲಿನ ಬುಡ ನೀಲಿಯಾದರೆ ಅಲ್ಲಿಯ ಹದ ಹೋಯಿತು. ಕುಳಿಯ ತಳ ದುಂಡಗಿರಬೇಕು, ಮೂಲೆ ಮೂಲೆಯಾಗಿ ಇರಕೂಡದು. ಚೂಪು ಮೂಲೆ ಎಲ್ಲಿದೆಯೋ ಬಿರುಕು ಅಲ್ಲಿಂದಲೇ ಹೊರಡುತ್ತದೆ. ತುದಿ ಮಾತ್ರ ಗಡಸು ಮಾಡಿರುವ ಬ್ಲೇಡುಗಳಿಗೆ ಅರ ಹತ್ತುವುದೇ ಇಲ್ಲ. ಅವನ್ನು ಸವೆಯುವವರೆಗೆ ಬಳಸಿ ಬಿಸಾಡಬೇಕು, ಅಷ್ಟೆ.

ಇನ್ನು ಬ್ಲೇಡಿನ ಎರಡು ತುದಿಗಳ ಜೋಡಣೆ. ಈ ಯಂತ್ರದ ಚರಿತ್ರೆಯೆಲ್ಲ ಆ ಒಂದು ಬೆಸುಗೆಯಲ್ಲೇ ಇದೆ ಎನ್ನಬಹುದು. ಲಂಡನ್ನಿನ ವಿಲಿಯಂ ನ್ಯೂಬೆರಿ ಬ್ಯಾಂಡ್‌ಸಾಗೆ ಪೇಟೆಂಟ್ ಪಡೆದದ್ದು 1809ರಷ್ಟು ಹಿಂದೆ. ಕಲ್ಪನೆ ಸರಿಯಿತ್ತು, ಚಕ್ರ ಮೇಜು ಎಲ್ಲ ಇದ್ದವು. ಇಲ್ಲದಿದ್ದದ್ದು ಎರಡು ತುದಿ ಸೇರಿಸಿದ ಮೇಲೂ ಮುರಿಯದೆ ಬಾಗುವ ಪಟ್ಟಿ. ಹಾಗಾಗಿ ದಶಕಗಟ್ಟಲೆ ಅದು ಕಾಗದದಲ್ಲೇ ಉಳಿಯಿತು. 1846ರಲ್ಲಿ ಆನ್ ಪೋಲಿನ್ ಕ್ರೆಪಿನ್ ಎಂಬ ಫ್ರೆಂಚ್ ಮಹಿಳೆ ತುದಿ ಬೆಸೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಪ್ಯಾರಿಸ್ಸಿನ ಪೆರಿನ್ ಕಂಪನಿ ಅದರ ಹಕ್ಕು ಕೊಂಡು, ಹೊಸ ಉಕ್ಕು ಮತ್ತು ಹದ ಹಾಕುವ ಸುಧಾರಿತ ಕ್ರಮ ಸೇರಿಸಿ, ಮಾರುಕಟ್ಟೆಗೆ ತರುವಂಥ ಬ್ಲೇಡು ಮಾಡಿತು.

ಇವತ್ತಿಗೂ ಬ್ಲೇಡಿನ ಅಳುಕಿನ ಜಾಗ ಅದೇ. ಬೆಸುಗೆ ಹಾಕಿದ ಕೂಡಲೇ ಆ ಭಾಗ ಗಾಳಿಗೆ ಸರ್ರನೆ ಆರಿ, ಗಾಜಿನಂತೆ ಗಡಸಾಗಿ, ಬಾಗಿಸಿದರೆ ಪಟ್ಟನೆ ಮುರಿಯುವ ಸ್ಥಿತಿಗೆ ಬಂದಿರುತ್ತದೆ. ಮತ್ತೆ ಮಂದ ಕೆಂಪಿಗೆ ಕಾಯಿಸಿ ನಿಧಾನವಾಗಿ ಆರಲು ಬಿಟ್ಟರಷ್ಟೇ ಅದಕ್ಕೆ ಬಾಗುವ ಗುಣ ಬರುತ್ತದೆ. ಅವಸರದ ಅಂಗಡಿಗಳಲ್ಲಿ ಕೈಬಿಡುವುದು ಇದೊಂದು ಹಂತವನ್ನೇ. ಬೆಸುಗೆಯ ಉಬ್ಬನ್ನು ಎರಡೂ ಮುಖದಲ್ಲಿ ಉಜ್ಜಿ ಸಮ ಮಾಡಿದ್ದಾರೆಯೇ, ಬ್ಲೇಡಿನ ಬೆನ್ನು ಅಲ್ಲಿ ನೇರವಾಗಿದೆಯೇ ಎಂದು ಅಂಗಡಿಯಲ್ಲೇ ಸ್ಕೇಲಿಟ್ಟು ನೋಡಿಕೊಳ್ಳಿ. ಬೆನ್ನು ಕೊಂಚ ಏರುಪೇರಾಗಿದ್ದರೂ ಸುತ್ತಿಗೊಮ್ಮೆ ಹಿಂದಿನ ಬೇರಿಂಗಿಗೆ ಹೊಡೆದು ಟಿಕ್ ಟಿಕ್ ಎನ್ನುತ್ತದೆ. ಹೊಸ ಬ್ಲೇಡು ಮೊದಲ ದಿನದಿಂದಲೂ ಟಿಕ್ ಅಂದರೆ ಬೆಸುಗೆ ಸರಿಯಿಲ್ಲ. ನಿನ್ನೆಯವರೆಗೆ ಸುಮ್ಮನಿದ್ದ ಬ್ಲೇಡು ಇವತ್ತು ಟಿಕ್ ಅಂದರೆ ಬಿರುಕು ಬಿಟ್ಟಿರುವ ಸಂಭವ ಹೆಚ್ಚು. ಕೈಯಲ್ಲಿರುವ ಹಲಗೆಯನ್ನು ಮುಗಿಸಿಯೇ ನೋಡೋಣ ಎನ್ನುವುದು ಬೇಡ.

ಬಿರುಕು ಏಕೆ ಎಂಬುದಕ್ಕೆ ಎಳೆತಕ್ಕಿಂತ ದೊಡ್ಡ ಕಾರಣ ಬಾಗುವಿಕೆ. ಅರ್ಧ ಮಿ.ಮೀ. ದಪ್ಪದ ಬ್ಲೇಡು 14 ಇಂಚಿನ ಚಕ್ರದ ಮೇಲೆ ಬಾಗುವಾಗ ಅದರ ಹೊರಮೈಗೆ ಬೀಳುವ ಒತ್ತಡ ಚದರ ಮಿಲಿಮೀಟರಿಗೆ 30 ಕಿಲೋ ಹತ್ತಿರ. ಬಿಗಿಯ ಎಳೆತದ ಎರಡೂವರೆ ಮೂರು ಪಟ್ಟು. ದಪ್ಪ ಇಮ್ಮಡಿಯಾದರೆ ಇದೂ ಇಮ್ಮಡಿ. ಇಂಥ ಸಣ್ಣ ಯಂತ್ರದಲ್ಲಿ ಬ್ಲೇಡಿನ ಉದ್ದ ಎರಡೂಕಾಲು ಮೀಟರಿಗೆ ತುಸು ಹೆಚ್ಚು, ವೇಗ ನಿಮಿಷಕ್ಕೆ 900 ಮೀಟರಿನಷ್ಟು. ಅಂದರೆ ಒಂದು ಗಂಟೆಯಲ್ಲಿ 22 ಸಾವಿರಕ್ಕೂ ಹೆಚ್ಚು ಸುತ್ತು, ಸುತ್ತಿಗೆರಡರಂತೆ 45 ಸಾವಿರ ಸಲ ಬಾಗಿ ನೆಟ್ಟಗಾಗುವುದು. ತಂತಿಯನ್ನು ಕೈಯಲ್ಲಿ ಹತ್ತು ಸಲ ಬಗ್ಗಿಸಿ ಮುರಿಯುವವರು ಇದನ್ನು ನೆನೆಸಿಕೊಂಡರೆ ಬ್ಲೇಡಿನ ಮೇಲೆ ಗೌರವ ಹುಟ್ಟೀತು. ದಪ್ಪ ಬ್ಲೇಡು ಹಾಕಿದರೆ ಬಾಳಿಕೆ ಬರುತ್ತದೆ ಎಂಬ ನಂಬಿಕೆ ಸಣ್ಣ ಚಕ್ರದ ಯಂತ್ರದಲ್ಲಿ ಪೂರ್ತಿ ತಲೆಕೆಳಗು. ಚಕ್ರದ ವ್ಯಾಸದ ಸಾವಿರದಲ್ಲೊಂದು ಭಾಗ ಬ್ಲೇಡಿನ ದಪ್ಪ ಎಂಬುದು ಸಾಮಿಲ್ಲಿನವರ ಹಳೆಯ ಲೆಕ್ಕ: 900 ಮಿ.ಮೀ. ಚಕ್ರಕ್ಕೆ 0.9 ಮಿ.ಮೀ. ಸಣ್ಣ ಯಂತ್ರಗಳಲ್ಲಿ ಇದನ್ನು ಪಾಲಿಸಲಾಗುವುದಿಲ್ಲ, ಅದಕ್ಕೇ ಅವುಗಳ ಬ್ಲೇಡಿಗೆ ಆಯುಷ್ಯ ಕಡಿಮೆ.

ಬ್ಲೇಡಿನಲ್ಲಿ ದೋಷ ಸಿಗದಿದ್ದರೆ ಚಕ್ರದ ಬಾಗಿಲು ತೆರೆಯಬೇಕು. ಸಣ್ಣ ಯಂತ್ರದ ಚಕ್ರಕ್ಕೆ ರಬ್ಬರಿನ ಪಟ್ಟಿ ಇರುತ್ತದೆ. ಅದರ ಮಧ್ಯ ಭಾಗ ಅಂಚಿಗಿಂತ ಕೊಂಚ ಉಬ್ಬು. ಹಳೆಯ ಹಿಟ್ಟಿನ ಗಿರಣಿಯ ಅಗಲ ಪಟ್ಟಾ ಓಡುವ ಪುಲ್ಲಿಯಲ್ಲೂ ಇದೇ ಉಬ್ಬು ಇದೆ. ಉಬ್ಬಿದ ಮೈಮೇಲೆ ಓಡುವ ಪಟ್ಟಿ ಕೆಳಕ್ಕೆ ಜಾರುವ ಬದಲು ಎತ್ತರದ ಕಡೆಗೇ ಹತ್ತಿ ನಿಲ್ಲುತ್ತದೆ. ನಂಬಲು ಕಷ್ಟವಾದರೂ ನಿಜ: ಎತ್ತರದ ಕಡೆಯ ಅಂಚು ಹೆಚ್ಚು ಎಳೆಯಲ್ಪಟ್ಟು ಪಟ್ಟಿ ಸ್ವಲ್ಪ ವಾಲುತ್ತದೆ, ವಾಲಿದ ಪಟ್ಟಿಯ ಮುಂದಿನ ಭಾಗ ಚಕ್ರದ ಮೇಲೆ ಇನ್ನೂ ಎತ್ತರದಲ್ಲಿ ಬಂದು ಕೂರುತ್ತದೆ. ರಬ್ಬರು ಸವೆದು ಚಪ್ಪಟೆಯಾದರೆ ಈ ಹಿಡಿತ ಹೋಯಿತು. ಹೊಟ್ಟು ಅಂಟಿನೊಡನೆ ಕಲೆತು ಒಂದು ಕಡೆ ಗಡ್ಡೆ ಕಟ್ಟಿದರೆ ಹೊಸದೊಂದು ಉಬ್ಬು ಹುಟ್ಟಿ, ಸುತ್ತಿಗೊಮ್ಮೆ ಬ್ಲೇಡು ಹಿಂದೆ ಮುಂದೆ ತೂಗಾಡುತ್ತದೆ. ಮಳೆಗಾಲದ ಮಲೆನಾಡಿನಲ್ಲಿ, ಹಸಿ ಮರ ಕೊಯ್ದ ದಿನವೇ ಇದು ಶುರು. ಒಂದು ಬ್ರಷ್ಷು, ಐದು ನಿಮಿಷ ಸಾಕು. ಬೆರಳಿನಿಂದ ಒತ್ತಿ ನೋಡಿ: ರಬ್ಬರು ಹೊಳೆಯುತ್ತ ಕಲ್ಲಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸುವುದೇ ಸರಿ. ಸೈಕಲ್ ಟ್ಯೂಬು ಕತ್ತರಿಸಿ ಹಾಕುವ ಜಾಣರಿದ್ದಾರೆ. ಪುಟ್ಟ ಯಂತ್ರದಲ್ಲಿ ನಾಲ್ಕು ದಿನ ಓಡೀತು, ದಪ್ಪ ಒಂದೇ ಸಮ ಇರದ ಕಾರಣ ನಡುಕ ಮಾತ್ರ ತಪ್ಪದು.

ಬ್ಲೇಡು ಹಾಕಿದ ಮೇಲೆ ಗೈಡುಗಳನ್ನೆಲ್ಲ ಹಿಂದಕ್ಕೆ ಸರಿಸಿ, ಬಿಗಿ ಕೊಟ್ಟು, ಮೇಲಿನ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ಅದರ ಓರೆ ಬದಲಿಸುವ ಗುಂಡಿಯನ್ನು ಹೊಂದಿಸಬೇಕು. ಬಿಗಿ ಕೊಡದೆ ಹೊಂದಿಸಿದರೆ ಆಮೇಲೆ ಬಿಗಿ ಕೊಟ್ಟಾಗ ಲೆಕ್ಕ ಕೆಡುತ್ತದೆ. ಬ್ಲೇಡಿನ ಯಾವ ಭಾಗ ಉಬ್ಬಿನ ಮಧ್ಯೆ ಬರಬೇಕು ಎಂಬ ಬಗ್ಗೆ ಪಂಡಿತರಲ್ಲಿ ಜಗಳವಿದೆ. ಪಟ್ಟಿಯ ನಡುಭಾಗ ಎನ್ನುವವರು ಕೆಲವರು, ಹಲ್ಲಿನ ಕುಳಿಯ ತಳ ಎನ್ನುವವರು ಕೆಲವರು. ಎರಡನೆಯವರ ಮಾತಿನಲ್ಲಿ ತಿರುಳಿದೆ: ಉಬ್ಬಿನ ನೆತ್ತಿಯ ಮೇಲಿರುವ ಭಾಗಕ್ಕೆ ಎಳೆತ ಹೆಚ್ಚು, ಆ ಹೆಚ್ಚುವರಿ ಎಳೆತ ಹಲ್ಲಿನ ಅಂಚಿಗೆ ಸಿಗಲಿ ಎಂಬುದು ಅವರ ವಾದ. ಬಿಸಿಯಿಂದ ಮೊದಲು ಸಡಿಲಾಗುವುದೂ ಅದೇ ಅಂಚಲ್ಲವೇ?

ಬಿಗಿ ಎಷ್ಟು ಕೊಡಬೇಕು? ಯಂತ್ರದ ಮೇಲಿರುವ ಮಾಪಕ ತೋರಿಸುವುದು ಸ್ಪ್ರಿಂಗು ಎಷ್ಟು ಕುಗ್ಗಿದೆ ಎಂಬುದನ್ನು ಮಾತ್ರ. ಹತ್ತು ವರ್ಷ ಕುಗ್ಗಿಯೇ ಕೂತ ಸ್ಪ್ರಿಂಗಿನ ಮಾತನ್ನು ಎಷ್ಟು ನಂಬುತ್ತೀರಿ? ಬೇರೊಂದು ದಾರಿಯಿದೆ. ಗೈಡು ಹಿಂದಕ್ಕಿಟ್ಟು ಬಾಗಿಲು ಮುಚ್ಚಿ ಯಂತ್ರ ಓಡಿಸಿ, ಬಿಗಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿದರೆ ಒಂದು ಹಂತದಲ್ಲಿ ಬ್ಲೇಡು ಪಟಪಟ ಅಲುಗಲು ತೊಡಗುತ್ತದೆ. ಅಲ್ಲಿಂದ ಅಲುಗಾಟ ನಿಲ್ಲುವವರೆಗೆ ಏರಿಸಿ, ಮೇಲೆ ಕಾಲು ಸುತ್ತು ಕೊಡಿ. ಸಂಜೆ ಕೆಲಸ ಮುಗಿದ ಮೇಲೆ ಬಿಗಿ ಇಳಿಸುವ ಅಭ್ಯಾಸ ಒಳ್ಳೆಯದು. ರಬ್ಬರಿನಲ್ಲಿ ತಗ್ಗು ಬೀಳುವುದಿಲ್ಲ, ಸ್ಪ್ರಿಂಗು ಉಳಿಯುತ್ತದೆ. ಇಳಿಸಿದ್ದೇನೆ ಎಂದು ಒಂದು ಚೀಟಿ ಸ್ವಿಚ್ಚಿಗೆ ಸಿಕ್ಕಿಸಿ. ಇಲ್ಲದಿದ್ದರೆ ಬೆಳಿಗ್ಗೆ ಮೊದಲು ಬಂದವನು ಸ್ವಿಚ್ ಒತ್ತಿ ಬ್ಲೇಡನ್ನು ಚಕ್ರದಿಂದ ಕೆಡವುತ್ತಾನೆ.

ಇಷ್ಟಾದ ಮೇಲೆ ಗೈಡು. ಹಿಂದಿನ ಬೇರಿಂಗು ಬ್ಲೇಡು ಸುಮ್ಮನೆ ಓಡುವಾಗ ತಾಗಬಾರದು, ಅರ್ಧ ಮಿ.ಮೀ. ದೂರವಿರಲಿ. ಪಕ್ಕದ ಗೈಡುಗಳ ಸಂದು ಒಂದು ಕಾಗದದ ದಪ್ಪ, ಅವುಗಳ ಮುಂದಂಚು ಹಲ್ಲಿನ ಕುಳಿಯ ಹಿಂದೆ. ಹಲ್ಲಿಗೆ ತಾಗಿದರೆ ಸೆಟ್ ಹಾಳು. ಮೇಲಿನ ಗೈಡನ್ನು ಮರಕ್ಕೆ ಒಂದು ಬೆರಳಿನಷ್ಟು ಹತ್ತಿರ ಇಳಿಸಿ ಕೊಯ್ಯಬೇಕು. ಮುಗಿಯಿತು.

ನಮ್ಮೂರುಗಳಲ್ಲಿ ಕಾಣುವ ಒಂದು ವಿಚಿತ್ರ ದೂರನ್ನೂ ಇಲ್ಲಿ ಸೇರಿಸಬೇಕು: “ನಿನ್ನೆ ಚೆನ್ನಾಗಿತ್ತು, ಇವತ್ತು ಕೊಯ್ಯೋದೇ ಇಲ್ಲ ಸಾರ್, ಮರಾನೇ ಮೇಲಕ್ಕೆ ಎತ್ತುತ್ತೆ.” ರಾತ್ರಿ ಟ್ರಾನ್ಸ್‌ಫಾರ್ಮರ್ ಕೆಟ್ಟು ಬೇರೆಯದು ಕೂರಿಸಿದ್ದಾರೆ, ಮೂರು ಫೇಸಿನಲ್ಲಿ ಎರಡು ಅದಲುಬದಲಾಗಿವೆ. ಮೋಟಾರು ಉಲ್ಟಾ ತಿರುಗಿ ಬ್ಲೇಡು ಮೇಲ್ಮುಖವಾಗಿ ಓಡುತ್ತಿದೆ. ಕರೆಂಟಿನ ಕೆಲಸ ನಡೆದ ಮರುದಿನ ಸ್ವಿಚ್ಚನ್ನು ಒಂದು ಕ್ಷಣ ಒತ್ತಿ ಬಿಟ್ಟು ತಿರುಗುವ ದಿಕ್ಕು ನೋಡಿದರೆ ಈ ಅಪಾಯವಿಲ್ಲ. ಮೋಟಾರು ಸರಿಯಾದ ದಿಕ್ಕಿನಲ್ಲೇ ಇದ್ದೂ ಹಲ್ಲು ಮೇಲೆ ನೋಡುತ್ತಿದ್ದರೆ, ಸುರುಳಿ ಬಿಚ್ಚುವಾಗ ಬ್ಲೇಡು ಒಳಹೊರಗಾಗಿದೆ ಎಂದರ್ಥ. ಅಂಗಿಯ ತೋಳಿನಂತೆ ಮಗುಚಿದರೆ ಆಯಿತು. ವೋಲ್ಟೇಜ್ ಇಳಿದ ಹೊತ್ತಿನಲ್ಲಿ ದಪ್ಪ ಮರ ಕೊಯ್ಯಲು ಹೋಗಬೇಡಿ. ವೇಗ ಕುಸಿದು, ಬೆಲ್ಟು ಜಾರಿ, ಮೋಟಾರೂ ಬ್ಲೇಡೂ ಒಟ್ಟಿಗೆ ಕಾಯುತ್ತವೆ.

ಸಾಮಿಲ್ಲಿನ ಅಗಲ ಬ್ಲೇಡಿನ ಲೋಕವೇ ಬೇರೆ. ಅಲ್ಲಿ ದೊಡ್ಡ ಚಕ್ರಗಳಿಗೆ ರಬ್ಬರಿಲ್ಲ, ಉಕ್ಕಿನ ಮೇಲೆ ಉಕ್ಕೇ ಓಡುತ್ತದೆ. ಹಲ್ಲು ಚಕ್ರದ ಅಂಚಿನಿಂದ ಆಚೆ ಚಾಚಿಕೊಂಡಿರುತ್ತದೆ. ಅದನ್ನು ನೋಡಿಕೊಳ್ಳುವ ಸಾ ಡಾಕ್ಟರನ ಕೆಲಸ ಸಾಣೆಗಷ್ಟೇ ಮುಗಿಯುವುದಿಲ್ಲ. ಬ್ಲೇಡಿನ ನಡುಭಾಗವನ್ನು ಎರಡು ಉರುಳೆಗಳ ನಡುವೆ ಒತ್ತಿ ಓಡಿಸಿ, ಅಲ್ಲಿಯ ಉಕ್ಕನ್ನು ಕೂದಲೆಳೆಯಷ್ಟು ಉದ್ದ ಮಾಡುತ್ತಾನೆ. ನಡು ಉದ್ದವಾದರೆ ಎರಡೂ ಅಂಚು ತಾವಾಗಿ ಬಿಗಿಯಾಗುತ್ತವೆ. ಕೊಯ್ಯುವಾಗ ಹಲ್ಲಿನ ಅಂಚು ಕಾದು ಹಿಗ್ಗಿದರೂ ಈ ಮುಂಗಡ ಬಿಗಿ ಅದನ್ನು ತಡೆದುಕೊಳ್ಳುತ್ತದೆ. ಬೆನ್ನಿನ ಅಂಚನ್ನೂ ಕೊಂಚ ಉದ್ದ ಮಾಡಿ ಎಳೆತವನ್ನು ಹಲ್ಲಿನ ಕಡೆಗೆ ದಾಟಿಸುತ್ತಾನೆ. ಸಾಕೇ ಎಂದು ನೋಡಲು ಬ್ಲೇಡನ್ನು ಎತ್ತಿ ಬಾಗಿಸಿ, ಅಡ್ಡಲಾಗಿ ಸ್ಕೇಲಿಟ್ಟು, ಅಡಿಯಲ್ಲಿ ನುಸುಳುವ ಬೆಳಕನ್ನು ಅಳೆಯುತ್ತಾನೆ. ನಡುವೆ ಬೆಳಕು ಒಂದೇ ಹದದಲ್ಲಿ ಕಾಣಬೇಕು. ಕಾಣದ ಕಡೆ ಇನ್ನೊಂದು ಸಲ ಉರುಳೆ. ಈ ಕೈಚಳಕಕ್ಕೆ ಈಗ ಜನ ಸಿಗುವುದು ಕಷ್ಟ. ಅರಣ್ಯ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ 1996ರಿಂದ ಸುಪ್ರೀಂ ಕೋರ್ಟ್ ಕೊಟ್ಟ ಆದೇಶಗಳ ನಂತರ ಸಾಮಿಲ್ಲಿನ ಪರವಾನಗಿ ಬಿಗಿಯಾಯಿತು. ಕಾಡಿಗೆ ಅದು ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಸ ಮಿಲ್ಲು ಬಾರದ ಕಡೆ ಹೊಸ ಹುಡುಗನೂ ಕೆಲಸ ಕಲಿಯಲು ಬರುವುದಿಲ್ಲ.

ಸುರಕ್ಷತೆಯ ಮಾತನ್ನು ಫಲಕ ಬರೆದು ಗೋಡೆಗೆ ಹಾಕುವುದರಿಂದ ಹೆಚ್ಚೇನೂ ಆಗದು, ಆದರೂ ಮೂರು ಸಂಗತಿ. ಸ್ವಿಚ್ ಆರಿಸಿದ ಮೇಲೂ ಭಾರವಾದ ಚಕ್ರ ಬಹಳ ಹೊತ್ತು ಸದ್ದಿಲ್ಲದೆ ತಿರುಗುತ್ತಿರುತ್ತದೆ; ಹೆಗಲ ಮೇಲಿನ ಟವೆಲ್ಲು, ಲುಂಗಿಯ ಚುಂಗು ಸಿಕ್ಕಿಕೊಳ್ಳುವುದು ಆಗಲೇ. ದುಂಡು ಕೊಂಬೆಯನ್ನು ಬರಿಗೈಯಲ್ಲಿ ಹಿಡಿದು ಅಡ್ಡ ಕೊಯ್ಯಬಾರದು, ಹಲ್ಲು ಅದನ್ನು ಉರುಳಿಸಿ ಬೆರಳನ್ನೂ ಜೊತೆಗೆಳೆಯುತ್ತದೆ. ಸಂದು ಕಡಿದ ಮರದ ತುಂಡಿನಲ್ಲಿ ಅದನ್ನು ಕೂರಿಸಿ ಕ್ಲ್ಯಾಂಪ್ ಹಾಕಬೇಕು. ಮೂರನೆಯದು ಹೊಟ್ಟು. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿಗೆ ಕರ್ಚೀಫು ಕಟ್ಟುವುದು ಏನೇನೂ ಸಾಲದು. ಕೆಳಗಿನ ಚಕ್ರದ ಗೂಡಿನಲ್ಲಿ ತುಂಬಿದ ಹೊಟ್ಟಿಗೆ ಕಾದ ಗೈಡಿನ ಕಿಡಿ ಬಿದ್ದರೆ ಬೆಂಕಿ ರಾತ್ರಿಯೆಲ್ಲ ಒಳಗೊಳಗೇ ಬೇಯುತ್ತದೆ. ದಿನವೂ ಬಾಗಿಲು ತೆಗೆದು ಬಳಿಯಲೇಬೇಕು.

ಬ್ಲೇಡು ಮುರಿದಾಗ ಪಟಾಕಿಯಂಥ ಸದ್ದು ಬರುತ್ತದೆ. ಕೈ ತೆಗೆದು, ಪಕ್ಕಕ್ಕೆ ಸರಿದು, ಸ್ವಿಚ್ ಆರಿಸಿ, ಚಕ್ರ ನಿಲ್ಲುವವರೆಗೆ ಬಾಗಿಲು ತೆರೆಯದೆ ಕಾಯಬೇಕು. ಆಮೇಲೆ ಮುರಿದ ತುದಿಯನ್ನು ಗುಜರಿಗೆ ಎಸೆಯುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಮುರಿತ ಬೆಸುಗೆಯ ಮೇಲೋ ಅದರ ಪಕ್ಕದಲ್ಲೋ ಇದ್ದರೆ ಮರುಕಾಯಿಸುವ ಹಂತ ತಪ್ಪಿದೆ. ಬೆಸುಗೆ ಹಾಕಿದವನ ಬಳಿ ಮಾತಾಡಬೇಕಾದದ್ದು ಅದನ್ನೇ. ಹಲ್ಲಿನ ಕುಳಿಯಿಂದ ಶುರುವಾಗಿದ್ದರೆ, ಅದರ ಅಕ್ಕಪಕ್ಕದ ಕುಳಿಗಳಲ್ಲೂ ಕೂದಲಿನಂಥ ಬಿರುಕುಗಳಿವೆಯೇ ನೋಡಿ. ಇದ್ದರೆ ಬ್ಲೇಡಿನ ಆಯುಷ್ಯ ಮುಗಿದಿತ್ತು, ಬೆಸೆದು ಮತ್ತೆ ಹಾಕಿದರೆ ಇನ್ನೊಂದು ಕಡೆ ಹೋಗುತ್ತದೆ. ಒಂದೇ ಕುಳಿಯಲ್ಲಿ, ಅದೂ ನೀಲಿ ಕಲೆಯ ಜೊತೆ ಇದ್ದರೆ ಸಾಣೆಯ ತಪ್ಪು. ಅಂಥ ಬ್ಲೇಡನ್ನು ಬೆಸೆಯಬಹುದು. ಬೆನ್ನಿನ ಕಡೆಯಿಂದ ಬಿರುಕು ಹೊರಟಿದ್ದರೆ ಹಿಂದಿನ ಬೇರಿಂಗು ನೋಡಿ: ಅದು ತಿರುಗುವುದನ್ನು ನಿಲ್ಲಿಸಿ ಅದರ ಮುಖದಲ್ಲಿ ಗೀರು ಬಿದ್ದಿರುತ್ತದೆ. ಬೇರಿಂಗು ಬದಲಿಸದೆ ಹೊಸ ಬ್ಲೇಡು ಹಾಕಿದರೆ ಅದೂ ಅಲ್ಲೇ ಮುರಿಯುತ್ತದೆ.

ಬೆಸೆಯಲಾಗದ ಬ್ಲೇಡು ಅಗಲದ್ದಾಗಿದ್ದರೆ ಅಂಗೈಯಗಲ ಕತ್ತರಿಸಿ, ಹಲ್ಲು ಉಜ್ಜಿ ತೆಗೆದು, ಅಂಚಿಗೆ ಕೊಕ್ಕೆ ಎಬ್ಬಿಸಿಕೊಂಡರೆ ಬಾಗಿಲ ಹಲಗೆಯ ಮೈ ಕೆರೆದು ನಯ ಮಾಡಲು ಒಳ್ಳೆಯ ತಗಡಾಗುತ್ತದೆ. ಅಂಗಡಿಯಲ್ಲಿ ಸಿಗುವುದಕ್ಕಿಂತ ಇದರ ಉಕ್ಕು ಹೆಚ್ಚಾಗಿ ಮೇಲೇ.